ಕುದುರೆಗೆ ಸೊಕ್ಕೋ, ಬೆನ್ನುನೋವೋ? ದಪ್ಪ ಪ್ಯಾಡ್ ಹಾಕಿದರೆ ಜೀನು ಸರಿಹೋಗುತ್ತದೆಯೇ?

ಜೀನು ಬಿಗಿಯುವಾಗ ಕುದುರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. ಹತ್ತಿ ಕೂತವನನ್ನು ಎರಡೇ ಜಿಗಿತಕ್ಕೆ ನೆಲಕ್ಕೆ ಕೆಡವುತ್ತದೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಕೆಳಗೆ ನಗುವ ಇಮೋಜಿಗಳ ಸಾಲು, ಜೊತೆಗೆ ‘ಸೊಕ್ಕು ನೋಡಿ ಇದರದ್ದು’ ಎಂಬ ಮಾತು. ಇಂಥದ್ದೊಂದು ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು, ನೀವೂ ನಕ್ಕು ಮುಂದಕ್ಕೆ ಕಳಿಸಿರಬಹುದು.

ನಮಗೆ ಮಾತ್ರ ಆ ಹದಿನೈದು ಸೆಕೆಂಡಿನಲ್ಲಿ ಕಾಣದೇ ಉಳಿಯುವ ಒಂದು ವಸ್ತುವಿನ ಬಗ್ಗೆ ಕುತೂಹಲ. ಅದು ಸವಾರನ ಕೆಳಗಿರುವ ಜೀನು. (ವಂಶವಾಹಿಯ ಜೀನ್ ಅಲ್ಲ, ಕುದುರೆಯ ಬೆನ್ನಿಗೆ ಹಾಕುವ ಜೀನು.) ಅದರಲ್ಲೂ ಅಮೆರಿಕದಲ್ಲಿ ಕೌಬಾಯ್‌ಗಳಿಂದ ಬಂದು ಇವತ್ತು ಕಾಡುಮೇಡಿನ ಸವಾರಿಗೆ ಬಳಕೆಯಾಗುವ ‘ವೆಸ್ಟರ್ನ್ ಟ್ರೇಲ್’ ಜೀನು. ಇದರ ಸುತ್ತ ಹಲವು ನಂಬಿಕೆಗಳಿವೆ. ವೆಸ್ಟರ್ನ್ ಜೀನು ದೊಡ್ಡದು, ಹಾಗಾಗಿ ಯಾವ ಕುದುರೆಗಾದರೂ ಸರಿ ಎನ್ನುತ್ತಾರೆ. ಹೊಸದರಲ್ಲಿ ಕಚ್ಚಿದರೂ ಬಳಸುತ್ತಾ ಹೋದಂತೆ ಬೆನ್ನಿಗೆ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಹೊಂದದಿದ್ದರೆ ದಪ್ಪನೆಯ ಪ್ಯಾಡ್ ಹಾಕಿ, ಮುಗಿಯಿತು ಎನ್ನುತ್ತಾರೆ. ಮೂರೂ ಬಹುಮಟ್ಟಿಗೆ ತಪ್ಪು. ಬೆಲೆ ತೆರುವುದು ಮಾತ್ರ ಕುದುರೆ.

ಜೀನಿನ ಒಳಗೆ ಏನಿದೆ?

ಹೊರಗೆ ಕಾಣುವುದು ಚರ್ಮ, ಹೊಲಿಗೆ, ಹೂಬಳ್ಳಿಯ ಕೆತ್ತನೆ. ಒಳಗೆ ಇರುವುದು ಒಂದು ಗಟ್ಟಿ ಚೌಕಟ್ಟು. ಅದಕ್ಕೆ ‘ಟ್ರೀ’ ಎಂದು ಹೆಸರು. ಸಾಂಪ್ರದಾಯಿಕವಾಗಿ ಇದನ್ನು ಮರದಲ್ಲಿ ಕಡೆದು, ಮೇಲೆ ಹಸಿ ತೊಗಲು ಬಿಗಿದು ಒಣಗಿಸುತ್ತಾರೆ. ಈಗ ಫೈಬರ್‌ಗ್ಲಾಸ್, ಪ್ಲಾಸ್ಟಿಕ್ಕೂ ಬಂದಿವೆ. ಟ್ರೀಯ ಕೆಳಭಾಗದಲ್ಲಿ ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಹಲಗೆಗಳಿರುತ್ತವೆ. ಇವು ‘ಬಾರ್’ಗಳು. ಸವಾರನ ಭಾರವೆಲ್ಲ ಇವುಗಳ ಮೂಲಕವೇ ಬೆನ್ನಿಗೆ ಇಳಿಯುವುದು. ಎರಡು ಬಾರ್‌ಗಳ ನಡುವೆ, ಬೆನ್ನೆಲುಬಿನ ಮೇಲೆ ಸುರಂಗದಂಥ ಖಾಲಿ ಜಾಗ ಇರುತ್ತದೆ. ಮುಂಭಾಗದಲ್ಲಿ, ಹೆಗಲ ಮೇಲಿನ ದಿಬ್ಬವನ್ನು ದಾಟುವ ಕಡೆ, ಇದರ ಅಗಲಕ್ಕೆ ‘ಗಲೆಟ್’ ಅಳತೆ ಎನ್ನುತ್ತಾರೆ.

ಬೆನ್ನೆಲುಬಿನ ಮೇಲೆ ಭಾರ ಬೀಳಬಾರದು ಎಂಬ ತಿಳಿವಳಿಕೆ ಹಳೆಯದು. 1859ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಮೆಕ್ಲೆಲನ್ ಜೀನಿನಲ್ಲಿ ನಡುವೆ ಉದ್ದಕ್ಕೂ ಸೀಳೇ ಇತ್ತು. ಕೌಬಾಯ್ ಜೀನು ಬಂದ ದಾರಿ ಬೇರೆ. ಮೆಕ್ಸಿಕೊದ ದನಗಾಹಿಗಳಿಂದ ಬಂದದ್ದು ಅದು. ಹಗ್ಗ ಬೀಸಿ ಹೋರಿಯನ್ನು ಹಿಡಿದಾಗ ಹಗ್ಗದ ತುದಿಯನ್ನು ಜೀನಿನ ಮುಂದಿನ ಕೊಂಬಿಗೆ ಸುತ್ತುತ್ತಾರೆ. ಹೋರಿಯ ಎಳೆತ ಪೂರ್ತಿ ಜೀನಿನ ಮೇಲೆ ಬೀಳುತ್ತದೆ. ಅದನ್ನು ಹಂಚಲು ಬಾರ್‌ಗಳು ಉದ್ದವಾದವು, ಅಗಲವಾದವು. ಟ್ರೇಲ್ ಜೀನಿನಲ್ಲಿ ಹೋರಿ ಕಟ್ಟುವ ಕೆಲಸವಿಲ್ಲ, ಆದ್ದರಿಂದ ಅದನ್ನು ಹಗುರ ಮಾಡಿದ್ದಾರೆ. ಬಾರ್‌ಗಳು ಮಾತ್ರ ಉಳಿದಿವೆ.

‘ದೊಡ್ಡದಾದ್ದರಿಂದ ಎಲ್ಲಕ್ಕೂ ಸರಿ’ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ. ಅದರಲ್ಲಿ ಅರ್ಧ ಸತ್ಯವಿದೆ. ಲೆಕ್ಕದ ಅನುಕೂಲಕ್ಕೆ ಸವಾರ, ಜೀನು ಸೇರಿ 90 ಕೆಜಿ ಎನ್ನೋಣ. ಬಾರ್‌ಗಳು 1,000 ಚದರ ಸೆಂಟಿಮೀಟರ್ ಜಾಗದಲ್ಲಿ ಬೆನ್ನಿಗೆ ಸಮನಾಗಿ ತಾಗಿದರೆ ಪ್ರತಿ ಚದರ ಸೆಂಟಿಮೀಟರಿಗೆ 90 ಗ್ರಾಂ ಭಾರ. ಅದೇ ಬಾರ್‌ಗಳು ಬೆನ್ನಿನ ಆಕಾರಕ್ಕೆ ಹೊಂದದೆ ನಾಲ್ಕು ಮೂಲೆಗಳಲ್ಲಿ ಮಾತ್ರ, ಒಟ್ಟು 250 ಚದರ ಸೆಂಟಿಮೀಟರಿನಲ್ಲಿ ತಾಗಿದರೆ? 360 ಗ್ರಾಂ. ಸವಾರ ಅವನೇ, ಕುದುರೆ ಅದೇ, ಒತ್ತಡ ಮಾತ್ರ ನಾಲ್ಕು ಪಟ್ಟು. ಉದ್ದನೆಯ ಬಾರ್ ಹೊಂದಿದರೆ ವರ. ಹೊಂದದಿದ್ದರೆ, ಗಟ್ಟಿಯಾಗಿರುವುದರಿಂದಲೇ, ಶಾಪ.

ಚಪ್ಪಲಿ ಪಳಗಿದಂತೆ ಜೀನೂ ಪಳಗುತ್ತದೆಯೇ?

ಹೊಸ ಚಪ್ಪಲಿ ಎರಡು ವಾರ ಕಚ್ಚುತ್ತದೆ, ಆಮೇಲೆ ಕಾಲಿಗೆ ಒಗ್ಗುತ್ತದೆ. ಜೀನಿನಲ್ಲೂ ಚರ್ಮ ಪಳಗುತ್ತದೆ, ನಿಜ. ಅದು ಮೆತ್ತಗಾಗಿ ಸವಾರನಿಗೆ ಸುಖ ಕೊಡುತ್ತದೆ. ಒಳಗಿನ ಟ್ರೀ ಹಾಗಲ್ಲ. ಅದು ಬಾಗಿತೆಂದರೆ ಮುರಿದಿದೆ ಎಂದೇ ಅರ್ಥ. ಹೊಂದಿಕೊಂಡಂತೆ ಕಾಣುವುದು ಎಷ್ಟೋ ಸಲ ಜೀನಲ್ಲ, ಕುದುರೆ. ಒತ್ತುವ ಜಾಗದ ಸ್ನಾಯು ಸೊರಗಿ ಹೆಗಲ ಹಿಂದೆ ಗುಳಿ ಬೀಳುತ್ತದೆ. ಜೀನು ಆ ಗುಳಿಯಲ್ಲಿ ಕೂತುಕೊಳ್ಳುತ್ತದೆ. ‘ನೋಡಿ, ಈಗ ಸರಿಯಾಗಿ ಕೂತಿದೆ’ ಎಂದು ಮಾಲೀಕ ಸಮಾಧಾನಪಡುತ್ತಾನೆ.

ಇದನ್ನು ಅರ್ಥಮಾಡಿಕೊಳ್ಳಲು ಕುದುರೆ ಸಾಕಿರಬೇಕಿಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಹಾಸಿಗೆ ಹುಣ್ಣು ಗೊತ್ತಿರುತ್ತದೆ. ಸೊಂಟ, ಹಿಮ್ಮಡಿಗಳಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹಾನಿ ಎಷ್ಟೋ ಸಲ ಒಳಗೆ, ಮೂಳೆಯ ಹತ್ತಿರದ ಸ್ನಾಯುವಿನಲ್ಲಿ ಮೊದಲು ಶುರುವಾಗುತ್ತದೆ. ಮೇಲಿನ ಚರ್ಮ ಕೆಂಪಾಗುವಷ್ಟರಲ್ಲಿ ಒಳಗೆ ಕೆಟ್ಟಿರುತ್ತದೆ. ಜೀನಿನ ಕೆಳಗೆ ನಡೆಯುವುದೂ ಇದೇ ಬಗೆಯದು. ‘ಗಾಯವೇನೂ ಇಲ್ಲವಲ್ಲ’ ಎಂಬ ಮಾತಿಗೆ ಅದಕ್ಕೇ ಹೆಚ್ಚು ಬೆಲೆಯಿಲ್ಲ. ನೊಗ ಉಜ್ಜಿ ಎತ್ತಿನ ಹೆಗಲು ಬಾತಾಗ ನಮ್ಮ ರೈತರು ನೊಗವನ್ನೇ ಮೊದಲು ನೋಡುತ್ತಾರೆ. ಕುದುರೆಯ ವಿಷಯದಲ್ಲಿ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಜೀನಿನ ತಪ್ಪಿಗೆ ಕುದುರೆಗೆ ಚಾಟಿ.

ಬೆನ್ನ ಮೇಲಿನ ಬಿಳಿ ಮಚ್ಚೆ

ಕಂದು ಕುದುರೆಯ ಹೆಗಲುದಿಬ್ಬದ ಇಕ್ಕೆಲಗಳಲ್ಲಿ ರೂಪಾಯಿ ನಾಣ್ಯದಷ್ಟು ಅಥವಾ ಅಂಗೈಯಗಲದ ಬಿಳಿ ಕೂದಲಿನ ಮಚ್ಚೆ ಕಂಡರೆ ಹುಟ್ಟುಮಚ್ಚೆ ಎಂದುಕೊಳ್ಳುವವರಿದ್ದಾರೆ. ಹಣೆಯ ಮೇಲಿನ ಬಿಳಿ ಚುಕ್ಕೆ, ಕಾಲಿನ ಬಿಳಿ ಪಟ್ಟಿ ಹುಟ್ಟಿನಿಂದ ಬರುತ್ತವೆ. ಜೀನು ಕೂರುವ ಜಾಗದಲ್ಲೇ ಬರುವ ಮಚ್ಚೆ ಬಹುಪಾಲು ಒತ್ತಡದ ಗುರುತು. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳಿರುತ್ತವೆ. ಬಿಡದ ಒತ್ತಡಕ್ಕೆ ಅವು ಸತ್ತರೂ ಕೂದಲಿನ ಬೇರು ಬದುಕುಳಿಯಬಹುದು. ಆಗ ಬೆಳೆಯುವ ಹೊಸ ಕೂದಲು ಬಿಳಿ.

ಇದೇ ಗುಟ್ಟನ್ನು ಅಮೆರಿಕದ ಸರ್ಕಾರ ಬೇಕೆಂದೇ ಬಳಸುತ್ತದೆ. ಪಶ್ಚಿಮದ ಬಯಲಿನಲ್ಲಿ ಹಿಡಿದ ಕಾಡು ಮಸ್ಟ್ಯಾಂಗ್ ಕುದುರೆಗಳ ಕತ್ತಿನ ಎಡಬದಿಗೆ ಅತಿ ತಣ್ಣಗಿನ ಲೋಹದ ಮುದ್ರೆ ಒತ್ತುತ್ತಾರೆ. ಚಳಿಗೆ ಬಣ್ಣದ ಕೋಶಗಳು ಸಾಯುತ್ತವೆ, ಗುರುತಿನ ಚಿಹ್ನೆ ಬಿಳಿ ಕೂದಲಾಗಿ ಜೀವನಪೂರ್ತಿ ಉಳಿಯುತ್ತದೆ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಜೀನು ಮಾಡಿರುತ್ತದೆ. ಹಾಗಂತ ಮಚ್ಚೆ ಕಂಡ ಕೂಡಲೇ ಈಗಿನ ಮಾಲೀಕನನ್ನು ಬೈಯಬೇಡಿ. ಅದು ಹಿಂದಿನ ಯಾವುದೋ ಜೀನಿನ ದಾಖಲೆಯೂ ಇರಬಹುದು.

ಕಷ್ಟದ ಬೆನ್ನು ಎಂದರೆ ಯಾವುದು?

ಹೆಗಲುದಿಬ್ಬ ಎದ್ದು ಕಾಣದ, ಪೀಪಾಯಿಯಂತೆ ದುಂಡಗಿನ ಬೆನ್ನಿರುವ ಕುದುರೆಗಳಿವೆ. ಅವುಗಳ ಮೇಲೆ ಜೀನು ಪಕ್ಕಕ್ಕೆ ಜಾರುತ್ತದೆ. ಜಾರಬಾರದೆಂದು ಹೊಟ್ಟೆಪಟ್ಟಿಯನ್ನು ಉಸಿರುಗಟ್ಟುವಷ್ಟು ಬಿಗಿಯುತ್ತಾರೆ. ಥರೊಬ್ರೆಡ್ ಕುದುರೆಗಳು ಇದಕ್ಕೆ ತದ್ವಿರುದ್ಧ. ಹೆಗಲುದಿಬ್ಬ ಎತ್ತರ, ಅದರ ಪಕ್ಕದಲ್ಲಿ ಮಾಂಸ ಕಡಿಮೆ. ರೇಸ್ ಬಿಟ್ಟು ರೈಡಿಂಗ್ ಶಾಲೆ ಸೇರಿದ ಕುದುರೆಗಳನ್ನು ಬೆಂಗಳೂರಿನಲ್ಲಿ ಹತ್ತಿರದಿಂದ ನೋಡಿದ್ದರೆ ಈ ಆಕಾರ ನಿಮಗೆ ಗೊತ್ತು. ವಯಸ್ಸಾದ ಕುದುರೆಗಳಲ್ಲಿ ಬೆನ್ನು ಉಯ್ಯಾಲೆಯಂತೆ ಇಳಿಬಿದ್ದಿರುತ್ತದೆ. ಹೇಸರಗತ್ತೆಯ ಬೆನ್ನು ನೆಟ್ಟಗೆ, ಚಪ್ಪಟೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಅರಬ್ಬಿಯಂಥ ಗಿಡ್ಡ ಬೆನ್ನು. ಇದಕ್ಕೆ ಕಾರಣ ಕುದುರೆಯ ಮೈಕಟ್ಟಿನಲ್ಲಿದೆ. ಕುದುರೆಗೆ ನಮ್ಮ ಹಾಗೆ ಕೊರಳಪಟ್ಟಿ ಮೂಳೆ ಇಲ್ಲ. ಮುಂಗಾಲಿಗೂ ಎದೆಗೂಡಿಗೂ ಮೂಳೆಯ ಕೀಲಿಲ್ಲ, ನಡುವೆ ಇರುವುದು ಬರೀ ಸ್ನಾಯುವಿನ ಜೋಲಿ. ಕಾಲು ಮುಂದಿಟ್ಟಾಗಲೆಲ್ಲ ಹೆಗಲೆಲುಬಿನ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಬಾರ್‌ನ ಮೊನೆ ಇದ್ದರೆ ಪ್ರತಿ ಹೆಜ್ಜೆಗೂ ಒಂದು ಗುದ್ದು. ಹಿಂದಿನ ಮಿತಿ ಕೊನೆಯ ಪಕ್ಕೆಲುಬು. ಅದರಾಚೆಗಿನ ಸೊಂಟಕ್ಕೆ ಪಕ್ಕೆಲುಬಿನ ಆಸರೆ ಇಲ್ಲ. ಹಾಗಾಗಿ ಭಾರ ಹೊರಲು ಸಿಗುವ ಜಾಗ ಹೆಗಲೆಲುಬಿನ ಹಿಂದಿನಿಂದ ಕೊನೆಯ ಪಕ್ಕೆಲುಬಿನವರೆಗೆ ಮಾತ್ರ. ಗಿಡ್ಡ ಬೆನ್ನಿನಲ್ಲಿ ಇದು ಬಹಳ ಕಡಿಮೆ.

ಇಲ್ಲೊಂದು ಮುಜುಗರದ ವಿಷಯವಿದೆ. ಅಂಗಡಿಯಲ್ಲಿ ವೆಸ್ಟರ್ನ್ ಜೀನಿಗೆ ಹೇಳುವ 15 ಇಂಚು, 16 ಇಂಚು, 17 ಇಂಚು ಕುದುರೆಯ ಅಳತೆಯಲ್ಲ, ಸವಾರನ ಕೂರುವ ಜಾಗದ ಅಳತೆ. ದಪ್ಪ ಮೈಯವರಿಗೆ 17 ಬೇಕು. 17ರ ಜೀನಿಗೆ ಸಾಮಾನ್ಯವಾಗಿ ಬಾರ್‌ಗಳೂ ಉದ್ದ. ಗಿಡ್ಡ ಬೆನ್ನಿನ ಕುದುರೆಯಲ್ಲಿ ಅವು ಸೊಂಟದ ಮೇಲೆ ಹೋಗಿ ಕೂರುತ್ತವೆ. ಹಿಂದಿನ ಚರ್ಮದ ಮೂಲೆಗಳನ್ನು ದುಂಡಗೆ ಕತ್ತರಿಸಿದ ಜೀನುಗಳು ಸ್ವಲ್ಪ ನೆರವಾಗುತ್ತವೆ, ಆದರೆ ದುಂಡಗಾಗುವುದು ಚರ್ಮ. ಒಳಗಿನ ಬಾರ್ ಅಷ್ಟೇ ಉದ್ದವಿದ್ದರೆ ಲಾಭವಿಲ್ಲ. ಕೆಲವು ಜೋಡಿಗಳಿಗೆ ಸರಿಹೊಂದುವ ಜೀನೇ ಇಲ್ಲ. ಆಗ ಬದಲಾಯಿಸಬೇಕಾದ್ದು ಕುದುರೆಯನ್ನು, ಇಲ್ಲವೇ ಸವಾರನನ್ನು. ಅಂಗಡಿಯವರು ಈ ಮಾತನ್ನು ಹೇಳುವುದು ಅಪರೂಪ.

ಭಾರದ ಮಾತು ಬಂದದ್ದರಿಂದ ಒಂದು ಅಂಕಿ. 2008ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಕುದುರೆಗಳ ಮೇಲೆ ಅವುಗಳ ಮೈತೂಕದ ಶೇ 15, 20, 25, 30ರಷ್ಟು ಭಾರ ಹೊರಿಸಿ ಓಡಿಸಿ ನೋಡಿದರು. ಶೇ 25 ಮತ್ತು 30ರಲ್ಲಿ ಹೃದಯದ ಬಡಿತ ಹೆಚ್ಚಿತು, ಸ್ನಾಯುಗಳ ನೋವೂ ಹೆಚ್ಚಿತು. ಎಂಟೇ ಕುದುರೆಗಳಾದ್ದರಿಂದ ಇದನ್ನು ಶಾಸನದಂತೆ ಓದಬಾರದು. ಆದರೂ ಶೇ 20 ಎಂಬುದು ಸಾಮಾನ್ಯ ಮಿತಿಯಾಗಿ ಬಳಕೆಯಲ್ಲಿದೆ. 400 ಕೆಜಿಯ ಕುದುರೆಗೆ ಅದು 80 ಕೆಜಿ, ಜೀನನ್ನೂ ಸೇರಿಸಿ. ಜೀನೇ 15 ಕೆಜಿ ಇದ್ದರೆ ಸವಾರನಿಗೆ ಉಳಿಯುವುದು 65.

‘ಕ್ವಾರ್ಟರ್ ಬಾರ್’ ಎಂಬ ಲೇಬಲ್

ಸಿದ್ಧ ಜೀನುಗಳ ಮೇಲೆ ‘ಸೆಮಿ ಕ್ವಾರ್ಟರ್ ಹಾರ್ಸ್ ಬಾರ್’, ‘ಫುಲ್ ಕ್ವಾರ್ಟರ್ ಹಾರ್ಸ್ ಬಾರ್’ ಎಂದು ಬರೆದಿರುತ್ತದೆ. ಕ್ವಾರ್ಟರ್ ಹಾರ್ಸ್ ಎಂಬುದು ಕಾಲು ಮೈಲಿ ಓಟಕ್ಕೆ ಹೆಸರಾದ ಅಮೆರಿಕದ ತಳಿ. ಸೆಮಿ ಎಂದರೆ ತುಸು ಕಿರಿದು, ಫುಲ್ ಎಂದರೆ ಅಗಲ. ಇವು ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗಳಲ್ಲ. ಒಂದು ಬ್ರ್ಯಾಂಡಿನ ‘ಎಂ’ ಅಂಗಿ ಇನ್ನೊಂದರಲ್ಲಿ ‘ಎಲ್’ ಆಗುವುದಿಲ್ಲವೇ, ಹಾಗೆ. ಗಲೆಟ್ ಏಳು ಇಂಚು ಎಂದಾಗಲೂ ಎಲ್ಲಿಂದ ಎಲ್ಲಿಗೆ ಅಳೆದರು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅಗಲ ಒಂದೇ ಇದ್ದರೂ ಬಾರ್‌ನ ಇಳಿಜಾರಿನ ಕೋನ ಬೇರೆ ಇರಬಹುದು, ಮುಂದಿನಿಂದ ಹಿಂದಕ್ಕೆ ದೋಣಿಯ ತಳದಂತೆ ಇರುವ ಬಾಗು ಬೇರೆ ಇರಬಹುದು. ಇಳಿಬಿದ್ದ ಬೆನ್ನಿಗೆ ಈ ಬಾಗು ಹೆಚ್ಚು ಬೇಕು, ಹೇಸರಗತ್ತೆಗೆ ಬಹಳ ಕಡಿಮೆ ಸಾಕು. ಲೇಬಲ್ ಇದನ್ನೆಲ್ಲ ಹೇಳುವುದಿಲ್ಲ.

ಹಾಗಾಗಿ ಕುದುರೆಯ ಬೆನ್ನಿನ ಅಚ್ಚನ್ನೇ ಅಂಗಡಿಗೆ ಒಯ್ಯುವುದು ಜಾಣತನ. ಬಾಗಿಸಿದರೆ ಆಕಾರ ಹಿಡಿದುಕೊಳ್ಳುವ ದಪ್ಪ ತಂತಿಯನ್ನು ಹೆಗಲೆಲುಬಿನ ಹಿಂದೆ, ಬೆನ್ನಿನ ನಡುವೆ, ಕೊನೆಯ ಪಕ್ಕೆಲುಬಿನ ಹತ್ತಿರ, ಹೀಗೆ ಮೂರು ಕಡೆ ಒತ್ತಿ, ಆ ಆಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿಕೊಳ್ಳಬೇಕು. ಖರ್ಚು ಏನೂ ಇಲ್ಲ.

ಜೀನನ್ನು ನೋಡುವುದು ಹೇಗೆ?

ಮೊದಲು ಪ್ಯಾಡ್ ಇಲ್ಲದೆ. ಇದು ಮುಖ್ಯ, ಏಕೆಂದರೆ ಪ್ಯಾಡ್ ತಪ್ಪನ್ನು ಮುಚ್ಚುತ್ತದೆ. ಕುದುರೆಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಜೀನನ್ನು ತುಸು ಮುಂದಿಟ್ಟು ಹಿಂದಕ್ಕೆ ಸರಿಸುತ್ತಾ ಬನ್ನಿ. ಒಂದು ಜಾಗದಲ್ಲಿ ಅದು ತಾನಾಗಿ ನಿಲ್ಲುತ್ತದೆ. ಹೆಗಲೆಲುಬಿನ ಹಿಂದೆ ಎನ್ನುವುದು ಬಾರ್‌ಗೆ ಹೇಳಿದ ಮಾತು. ಚರ್ಮದ ಅಂಚು ಹೆಗಲ ಮೇಲೆ ಸ್ವಲ್ಪ ಬಂದರೆ ತೊಂದರೆಯಿಲ್ಲ. ಈಗ ಅಂಗೈಯನ್ನು ಬಾರ್‌ನ ಕೆಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ಒತ್ತಡ ಒಂದೇ ಸಮ ಇರಬೇಕು. ಮುಂದೆ ಬಿಗಿ, ನಡುವೆ ಕೈ ಸಲೀಸಾಗಿ ಆಡುತ್ತದೆ, ಹಿಂದೆ ಮತ್ತೆ ಬಿಗಿ ಎಂದಾದರೆ ಜೀನು ಹಳ್ಳದ ಮೇಲಿನ ಸೇತುವೆಯಂತೆ ನಿಂತಿದೆ. ಮೇಲಿನ ನಾಲ್ಕು ಪಟ್ಟಿನ ಲೆಕ್ಕ ಈ ಜೀನಿನದ್ದು. ನಡುವೆ ಮಾತ್ರ ತಾಗಿ ಎರಡೂ ತುದಿ ಎದ್ದಿದ್ದರೆ ತಕ್ಕಡಿಯಂತೆ ತೂಗುತ್ತದೆ. ಎರಡೂ ಬೇಡ.

ಕೈ ಒಳಗಿರುವಾಗಲೇ ಇನ್ನೊಬ್ಬರಿಗೆ ಕುದುರೆಯ ಮುಂಗಾಲನ್ನು ಎತ್ತಿ ಮುಂದಕ್ಕೆ ಎಳೆಯಲು ಹೇಳಿ. ಹೆಗಲೆಲುಬು ಹಿಂದೆ ಸರಿದು ನಿಮ್ಮ ಬೆರಳುಗಳನ್ನು ಬಾರ್‌ಗೆ ಒತ್ತಿ ಜಜ್ಜಿದಂತಾದರೆ, ಕುದುರೆಗೆ ಏನಾಗುತ್ತಿತ್ತು ಎಂಬುದು ನಿಮ್ಮ ಬೆರಳಿಗೇ ತಿಳಿಯುತ್ತದೆ. ಸವಾರ ಕೂತ ಮೇಲೂ ಹೆಗಲುದಿಬ್ಬಕ್ಕೂ ಜೀನಿಗೂ ನಡುವೆ ಎರಡು ಮೂರು ಬೆರಳಿನ ಅಂತರ ಉಳಿಯಬೇಕು.

ನಂತರ ಪ್ಯಾಡ್ ಹಾಕಿ ಸವಾರಿ. ಅರ್ಧ ಮುಕ್ಕಾಲು ಗಂಟೆ ಓಡಿಸಿ, ಜೀನು ಇಳಿಸಿ ಬೆವರನ್ನು ನೋಡಿ. ಬೆನ್ನೆಲ್ಲ ಒದ್ದೆಯಾಗಿ ನಡುವೆ ಕೈಯಗಲದ ಒಣ ಜಾಗ ಇದ್ದರೆ ‘ಅಲ್ಲಿ ಚೆನ್ನಾಗಿ ಗಾಳಿಯಾಡಿದೆ’ ಎಂದು ಖುಷಿಪಡಬೇಡಿ. ಅಲ್ಲಿ ಬೆವರು ಗ್ರಂಥಿ ಕೆಲಸ ಮಾಡದಷ್ಟು ಒತ್ತಡ ಬಿದ್ದಿರಬಹುದು, ಅಥವಾ ಜೀನು ತಾಗದೆಯೇ ಇದ್ದಿರಬಹುದು. ಎರಡಕ್ಕೂ ಗುರುತು ಒಂದೇ. ಬೆರಳಿನಿಂದ ಒತ್ತಿದಾಗ ಕುದುರೆ ಬೆನ್ನು ಕುಗ್ಗಿಸಿದರೆ ಮೊದಲನೆಯದೇ ಎಂದು ಅನುಮಾನಿಸಬೇಕು. ಬೆನ್ನೆಲುಬಿನ ನೇರ ಮೇಲಿನ ಒಣ ಪಟ್ಟಿ ಮಾತ್ರ ಸರಿಯಾದದ್ದು, ಅಲ್ಲಿ ಏನೂ ತಾಗಬಾರದು.

ಹಾಗಾದರೆ ಪ್ಯಾಡ್ ಪ್ರಯೋಜನವೇ ಇಲ್ಲವೇ? ಇದೆ. ಮುಕ್ಕಾಲರಿಂದ ಒಂದು ಇಂಚಿನ ಉಣ್ಣೆಯ ಫೆಲ್ಟ್ ಪ್ಯಾಡ್ ಬೆವರು ಹೀರುತ್ತದೆ, ಸಣ್ಣ ಏರುಪೇರುಗಳನ್ನು ತುಂಬುತ್ತದೆ. ಜೀನು ತುಸು ಅಗಲವಾಗಿದ್ದರೆ, ಅಥವಾ ಕುದುರೆಯ ಒಂದು ಹೆಗಲು ಇನ್ನೊಂದಕ್ಕಿಂತ ಸಣ್ಣದಿದ್ದರೆ, ಪ್ಯಾಡಿನೊಳಗೆ ತೆಳು ತುಂಡು ಸೇರಿಸಿ ಸರಿತೂಗಿಸಬಹುದು. ಜೀನು ಕಿರಿದಾಗಿದ್ದರೆ ಮಾತ್ರ ಪ್ಯಾಡ್ ಶತ್ರು. ಬಿಗಿ ಶೂ ಒಳಗೆ ಎರಡು ಜೊತೆ ಕಾಲುಚೀಲ ಹಾಕಿದರೆ ಏನಾಗುತ್ತದೋ ಅದೇ ಆಗುತ್ತದೆ. ಜೆಲ್ ತುಂಬಿದ್ದಾದರೂ, ಎಷ್ಟೇ ದುಬಾರಿಯಾದರೂ ಇದು ಬದಲಾಗುವುದಿಲ್ಲ. ಟ್ರೀಯೇ ಇಲ್ಲದ ಮೆತ್ತನೆಯ ಜೀನುಗಳೂ ಸಿಗುತ್ತವೆ. ಕೆಲವು ದುಂಡು ಬೆನ್ನುಗಳಿಗೆ ಅವು ಹಿತ. ಆದರೆ ಭಾರ ಹಂಚುವ ಬಾರ್ ಇಲ್ಲದ್ದರಿಂದ ತೂಕದ ಸವಾರ, ದೂರದ ದಾರಿ ಎಂದಾಗ ಯೋಚಿಸಬೇಕು. ‘ಎಲ್ಲ ಕುದುರೆಗೂ ಒಂದೇ’ ಎಂಬ ಜಾಹೀರಾತು ಯಾವುದಕ್ಕೇ ಇದ್ದರೂ ನಂಬಬೇಡಿ.

ಸೊಕ್ಕಿನ ಪ್ರಶ್ನೆಗೆ ಮರಳಿದರೆ

ಒದೆಯುವ ಕುದುರೆಗಳಿಗೆಲ್ಲ ಬೆನ್ನುನೋವು ಎಂದು ನಾವು ಹೇಳುತ್ತಿಲ್ಲ. ಹಲ್ಲು, ಗೊರಸು, ಹೊಟ್ಟೆಯ ಹುಣ್ಣು, ಹೆದರಿಕೆ, ಕೆಟ್ಟ ತರಬೇತಿ, ಯಾವುದೂ ಕಾರಣವಿರಬಹುದು. ಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು ಹೊಟ್ಟೆಯ ಹುಣ್ಣಿನಲ್ಲೂ ಉಂಟು. ಆದರೆ ನೋವನ್ನು ನಡತೆಯಿಂದ ಓದುವುದು ಈಗ ಬರೀ ಊಹೆಯಲ್ಲ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಿವಿ ಹಿಂದಕ್ಕೆ ಮಡಚುವುದು, ಬಾಲ ಬೀಸುತ್ತಲೇ ಇರುವುದು, ಮತ್ತೆ ಮತ್ತೆ ಬಾಯಿ ತೆರೆಯುವುದು, ಮುಂದೆ ಹೋಗಲು ಒಪ್ಪದಿರುವುದು, ಇಂಥವು. ಸವಾರಿಯ ವೇಳೆ ಇವುಗಳಲ್ಲಿ ಎಂಟು ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯುಗಳ ನೋವನ್ನು ಶಂಕಿಸಬೇಕು ಎಂಬುದು ಅವರ ಸಲಹೆ. ಜೀನೇ ಕಾರಣವೆಂದು ಈ ಪಟ್ಟಿ ಹೇಳುವುದಿಲ್ಲ, ನೋವಿರಬಹುದು ಎಂದಷ್ಟೇ ಹೇಳುತ್ತದೆ. ಮುಂದಿನದು ಪಶುವೈದ್ಯರ ಕೆಲಸ.

ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಟೆವಿಸ್ ಕಪ್ ಎಂಬ ಸವಾರಿ ನಡೆಯುತ್ತಿದೆ. ಸಿಯೆರಾ ನೆವಾಡ ಬೆಟ್ಟಗಳನ್ನು ಹತ್ತಿ ಇಳಿದು 100 ಮೈಲಿ, 24 ಗಂಟೆಯೊಳಗೆ. ದಾರಿಯುದ್ದಕ್ಕೂ ಪಶುವೈದ್ಯರು ಕುದುರೆಗಳನ್ನು ತಡೆದು ಪರೀಕ್ಷಿಸುತ್ತಾರೆ. ನಾಡಿ, ನಡಿಗೆಯ ಜೊತೆಗೆ ಬೆನ್ನನ್ನೂ ಒತ್ತಿ ನೋಡುತ್ತಾರೆ. ಮುಂದುವರಿಯುವ ಸ್ಥಿತಿಯಲ್ಲಿಲ್ಲ ಎನಿಸಿದರೆ ಅಲ್ಲಿಗೇ ಸವಾರಿ ಮುಗಿಯಿತು, ಸವಾರ ಎಷ್ಟೇ ಗಟ್ಟಿಗನಾಗಿರಲಿ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ನಮ್ಮ ಓದುಗರಲ್ಲಿ ಅನೇಕರು ಯಾವುದಾದರೂ ಪಾರ್ಕಿನಲ್ಲಿ ಒಂದು ಗಂಟೆಯ ಟ್ರೇಲ್ ಸವಾರಿ ಮಾಡಿರುತ್ತಾರೆ. ಅಲ್ಲಿ ಹತ್ತುವ ಮುನ್ನ ತೂಕ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಕಡಿಮೆಯಾಗಿಯೂ ಹೇಳಬೇಡಿ. ನಿಮ್ಮ ಮಗಳು ಅಥವಾ ಅಳಿಯ ಅಲ್ಲೇ ಸ್ವಂತ ಕುದುರೆ ಕೊಳ್ಳುವ ಯೋಚನೆಯಲ್ಲಿದ್ದರೆ ಅವರಿಗೆ ಇಷ್ಟು ತಿಳಿಸಿ: ಹಳೆಯ ಜೀನು ಕೊಳ್ಳುವುದರಲ್ಲಿ ತಪ್ಪಿಲ್ಲ, ಒಳ್ಳೆಯ ಹಳೆಯ ಜೀನು ಕಳಪೆ ಹೊಸದಕ್ಕಿಂತ ಮೇಲು. ಆದರೆ ಕೊಂಬನ್ನೂ ಹಿಂದಿನ ಒರಗನ್ನೂ ಹಿಡಿದು ಒಂದರ ಕಡೆಗೆ ಇನ್ನೊಂದನ್ನು ಬಲವಾಗಿ ಒತ್ತಿ ನೋಡಬೇಕು. ನಡುವೆ ಮಡಚಿದಂತಾದರೆ, ಒಳಗೆ ಕಿರುಗುಟ್ಟಿದರೆ, ಟ್ರೀ ಮುರಿದಿದೆ. ಕೊಂಡ ಜೀನು ಇವತ್ತು ಸರಿಯಾಗಿ ಕೂತರೂ ಆರು ತಿಂಗಳಿಗೊಮ್ಮೆ ಮತ್ತೆ ಅಂಗೈ ತೂರಿಸಿ ನೋಡುತ್ತಿರಬೇಕು. ಹುಲ್ಲಿನ ಕಾಲದಲ್ಲಿ ಕುದುರೆ ಮೈ ತುಂಬಿಕೊಳ್ಳುತ್ತದೆ, ಚಳಿಗಾಲದಲ್ಲಿ ಕೆಲಸವಿಲ್ಲದೆ ಬೆನ್ನಿನ ಸ್ನಾಯು ಇಳಿಯುತ್ತದೆ. ಜೀನು ಮಾತ್ರ ಕೊಂಡ ದಿನದ ಅಳತೆಯಲ್ಲೇ ಇರುತ್ತದೆ.